ನೀರಿಗೆ ತಕ್ಕ ಮೀನು

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ, ಆನೆಗೊಂದಿಗೆ ಸಮೀಪವಾಗಿ, ತುಂಗಭದ್ರಾ ನದಿಯ ಎಡದಂಡೆಯ ಕಡೆಗೆ ಸಾಣಾಪುರವೆಂಬ ಗ್ರಾಮವಿದೆ. ಒಂದರ ಮೇಲೊಂದನ್ನು ಪೇರಿಸಿಟ್ಟಂತೆ ಕಾಣುವ ಹೆಬ್ಬಂಡೆಗಳ ಬೆಟ್ಟಗಳು, ಅವುಗಳ ತಪ್ಪಲಿನಲ್ಲಿ ಬತ್ತದ ಗದ್ದೆಗಳು, ಗದ್ದೆಗಳ ಅಂಚಿನಲ್ಲಿ ತೆಂಗು ಬಾಳೆಗಳ ತೋಟಗಳು, ಇವುಗಳ ನಡುವೆ ಬಂಡೆಗಳಿಂದ ಸುತ್ತುವರಿದ ವಿಶಾಲವಾದ ಕೆರೆ — ಇದು ಆ ಊರಿನ ನೋಟ. ಕೆರೆಯ ಮೇಲೆ ಹರಿಗೋಲುಗಳು ತೇಲುತ್ತಿರುತ್ತವೆ. ಬಂಡೆಯ ಮೇಲೆ ಕುಳಿತ ಮಿಂಚುಳ್ಳಿಯು ನೀರಿಗೆ ಧುಮುಕಿ ಮೀನನ್ನು ಕಚ್ಚಿಕೊಂಡು ಮೇಲೇಳುತ್ತದೆ.

ಈ ಸೀಮೆಯಲ್ಲಿ ನೀರು ಒಂದೇ ಬಗೆಯದಲ್ಲ. ಸಹ್ಯಾದ್ರಿಯಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾದ ತುಂಗಾ ಮತ್ತು ಭದ್ರಾ ನದಿಗಳ ಹೊಳೆನೀರು ಒಂದು. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನಿಂದ ಎಡದಂಡೆಯ ಕಾಲುವೆಯಲ್ಲಿ ಹರಿದು ಬಂದು ಸಾಣಾಪುರದ ಕೆರೆಯನ್ನು ತುಂಬುವ ನೀರು ಇನ್ನೊಂದು. ಕಲ್ಲಿನ ಪದರಗಳ ಬಿರುಕುಗಳಿಂದ ಕೊಳವೆಬಾವಿಯು ಮೇಲೆತ್ತುವ ಅಂತರ್ಜಲವು ಮೂರನೆಯದು. ಮಳೆಗಾಲದಲ್ಲಿ ಸೂರಿನಿಂದ ಇಳಿದು ಹಂಡೆಯನ್ನು ತುಂಬುವ ಮಳೆನೀರು ನಾಲ್ಕನೆಯದು. ಗಾಜಿನ ಲೋಟದಲ್ಲಿ ತುಂಬಿಟ್ಟರೆ ತಿಳಿಯಾದ ಮೇಲೆ ನಾಲ್ಕೂ ಒಂದೇ ತೆರನಾಗಿ ಕಾಣುತ್ತವೆ. ಆದರೆ ಮನೆಯ ಹೆಂಗಸರು ಇವುಗಳ ಭೇದವನ್ನು ಚೆನ್ನಾಗಿ ಬಲ್ಲರು. ಯಾವ ನೀರಿನಲ್ಲಿ ಬೇಳೆ ಬೇಗನೆ ಬೇಯುತ್ತದೆ, ಯಾವುದರಲ್ಲಿ ಸಾಬೂನು ನೊರೆ ಬಿಡುವುದಿಲ್ಲ, ಯಾವುದು ಸಿಹಿನೀರು, ಯಾವುದು ಸವಳು ನೀರು ಎಂಬುದನ್ನು ಅವರು ಅನುಭವದಿಂದಲೇ ಹೇಳುತ್ತಾರೆ. ಮನುಷ್ಯನ ನಾಲಗೆಗೆ ತಿಳಿಯುವ ಈ ಭೇದವು ಮೀನಿಗೆ ಮೈಯೆಲ್ಲ ತಿಳಿಯುತ್ತದೆ. ಏಕೆಂದರೆ ಮೀನು ನೀರನ್ನು ಬಳಸುವ ಜೀವಿಯಲ್ಲ. ನೀರಿನಲ್ಲೇ ಹುಟ್ಟಿ, ಉಸಿರಾಡಿ, ಬೆಳೆದು ಬಾಳುವ ಜೀವಿ.

ಇತ್ತೀಚಿನ ದಿನಗಳಲ್ಲಿ ಬಣ್ಣದ ಮೀನುಗಳನ್ನು ಗಾಜಿನ ತೊಟ್ಟಿಗಳಲ್ಲಿ ಸಾಕುವ ಹವ್ಯಾಸವು ನಗರಗಳಿಂದ ಹಳ್ಳಿಗಳಿಗೂ ಹಬ್ಬಿದೆ. ಅಕ್ವೇರಿಯಂ ಎಂದು ಕರೆಯಲ್ಪಡುವ ಈ ತೊಟ್ಟಿಯನ್ನು ಕೊಂಡು ತಂದವರ ಮನೆಯಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಅಂಗಡಿಯಲ್ಲಿ ಕಣ್ಣಿಗೆ ಹಿಡಿಸಿದ ನಾಲ್ಕಾರು ಬಗೆಯ ಮೀನುಗಳನ್ನು ಆರಿಸುತ್ತಾರೆ. ಮನೆಗೆ ಬಂದು ಕೈಗೆ ಸಿಕ್ಕಿದ ನೀರನ್ನು ತೊಟ್ಟಿಗೆ ಸುರಿದು ಮೀನುಗಳನ್ನು ಅದರೊಳಗೆ ಬಿಡುತ್ತಾರೆ. ಮೊದಲ ದಿನ ಮನೆಯವರೆಲ್ಲ ತೊಟ್ಟಿಯ ಮುಂದೆ ನೆರೆಯುತ್ತಾರೆ. ಮೂರನೆಯ ದಿನ ಒಂದು ಮೀನು ಮೂಲೆಯಲ್ಲಿ ಮಂಕಾಗಿ ನಿಲ್ಲುತ್ತದೆ. ವಾರ ಕಳೆಯುವಷ್ಟರಲ್ಲಿ ಒಂದೊಂದಾಗಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಬಡ ಜೀವಿಗಳು ಹೀಗೆ ಅಳಿಯುವುದಕ್ಕೆ ಅದೃಷ್ಟವಾಗಲಿ, ಯಾರದೋ ದೃಷ್ಟಿಯಾಗಲಿ ಕಾರಣವಲ್ಲ. ಮೊದಲು ಮಾಡಬೇಕಾದುದನ್ನು ಕೊನೆಗೆ ಮಾಡಿದುದೇ, ಅಥವಾ ಮಾಡದೆಯೇ ಬಿಟ್ಟುದೇ ಕಾರಣ. ಮೊದಲು ನೀರನ್ನು ಅರಿಯಬೇಕು, ಅನಂತರ ಆ ನೀರಿಗೆ ಒಗ್ಗುವ ಮೀನನ್ನು ಆರಿಸಬೇಕು; ಕೊನೆಗೆ ಆ ಮೀನುಗಳು ತಮ್ಮತಮ್ಮಲ್ಲಿ ಹೊಂದಿಕೊಳ್ಳುತ್ತವೆಯೇ ಎಂಬುದನ್ನು ವಿಚಾರಿಸಬೇಕು. ಮೀನು ಸಾಕುವ ವಿದ್ಯೆಯ ತಿರುಳೆಲ್ಲ ಈ ಕ್ರಮದಲ್ಲಿ ಅಡಗಿದೆ.

ಮೀನುಗಳನ್ನು ನೀರಿಗನುಸಾರವಾಗಿ ಗುರುತಿಸುವ ವಿವೇಕ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಅದರಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಭಾಗವೇ ಇದೆ. ಗಾಳ ಹಾಕುವ ರಾಜವಿನೋದಕ್ಕಾಗಿ ಬರೆದುದಾದರೂ ಅಲ್ಲಿ ಕಡಲಿನ ಮೀನು, ಹೊಳೆಯ ಮೀನು, ಶಲ್ಕವುಳ್ಳುದು, ಶಲ್ಕವಿಲ್ಲದುದು ಎಂದು ಮೀನುಗಳನ್ನು ವಿಂಗಡಿಸಿ, ಅವುಗಳಿಗೆ ಹಾಕಬೇಕಾದ ಆಹಾರವನ್ನೂ ತಿಳಿಸಲಾಗಿದೆ. ಚೀನಾ ದೇಶದಲ್ಲಿ ಸಾವಿರ ವರ್ಷಗಳಿಗೂ ಹಿಂದೆಯೇ ಹೊನ್ನಬಣ್ಣದ ಮೀನುಗಳನ್ನು ಕೊಳಗಳಲ್ಲಿಯೂ ಜಾಡಿಗಳಲ್ಲಿಯೂ ಸಾಕತೊಡಗಿದ್ದರು. ಇಂದು ಗೋಲ್ಡ್ ಫಿಷ್ ಎಂಬ ಹೆಸರಿನಿಂದ ಜಗತ್ತಿನಾದ್ಯಂತ ಪ್ರಸಿದ್ಧವಾಗಿರುವುದು ಆ ಮೀನೇ.

ಆದರೆ ಮುಚ್ಚಿದ ತೊಟ್ಟಿಯೊಳಗೆ ಮೀನು ಬಹುಕಾಲ ಬದುಕಲು ಏನು ಬೇಕೆಂಬುದನ್ನು ಪ್ರಯೋಗದಿಂದ ತೋರಿಸಿದವನು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. 1850ರ ಸುಮಾರಿಗೆ ಅವನು ತೊಟ್ಟಿಯೊಂದರಲ್ಲಿ ಎರಡು ಗೋಲ್ಡ್ ಫಿಷ್‌ಗಳನ್ನು ವ್ಯಾಲಿಸ್ನೇರಿಯಾ ಎಂಬ ಜಲಸಸ್ಯದೊಡನೆ ಇಟ್ಟನು. ಸಸ್ಯವು ಬೆಳಕಿನಲ್ಲಿ ಆಮ್ಲಜನಕವನ್ನು ಬಿಡುಗಡೆ ಮಾಡಿ ಮೀನಿಗೆ ನೆರವಾಯಿತು. ಆದರೆ ಕೆಲವು ದಿನಗಳಲ್ಲಿ ಎಲೆಗಳು ಕೊಳೆತು ನೀರು ಕೆಡತೊಡಗಿತು. ಆಗ ಅವನು ಕೆಲವು ಬಸವನಹುಳುಗಳನ್ನು ಒಳಗೆ ಬಿಟ್ಟನು. ಅವು ಕೊಳೆತ ಎಲೆಗಳನ್ನು ತಿಂದುಹಾಕಿದವು, ನೀರು ತಿಳಿಯಾಯಿತು. ತೊಟ್ಟಿಯು ಬರಿಯ ಪಾತ್ರೆಯಲ್ಲ, ಒಂದು ಪುಟ್ಟ ಕೆರೆ ಎಂಬ ಸತ್ಯವು ಈ ಪ್ರಯೋಗದಿಂದ ಸ್ಪಷ್ಟವಾಯಿತು. 1853ರಲ್ಲಿ ಲಂಡನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನುಮನೆಯು ತೆರೆಯಿತು.

ಮೀನಿಗೂ ನೀರಿಗೂ ಇರುವ ಸಂಬಂಧವು ಎಷ್ಟು ನಿಕಟವಾದುದೆಂಬುದನ್ನು ಅದರ ದೇಹರಚನೆಯಿಂದ ತಿಳಿಯಬಹುದು. ಸಿಹಿನೀರಿನ ಮೀನಿನ ರಕ್ತದಲ್ಲಿರುವ ಲವಣಾಂಶವು ಸುತ್ತಲಿನ ನೀರಿನಲ್ಲಿರುವುದಕ್ಕಿಂತ ಹೆಚ್ಚು. ಆದುದರಿಂದ ಕಿವಿರುಗಳ ತೆಳುವಾದ ಪೊರೆಯ ಮೂಲಕ ನೀರು ಸದಾ ದೇಹದೊಳಕ್ಕೆ ನುಗ್ಗುತ್ತಲೇ ಇರುತ್ತದೆ. ಲವಣವು ಹೊರಕ್ಕೆ ಸೋರುತ್ತಲೇ ಇರುತ್ತದೆ. ಒಳಬಂದ ಹೆಚ್ಚಿನ ನೀರನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಸೋರಿಹೋದ ಲವಣವನ್ನು ಕಿವಿರುಗಳು ನೀರಿನಿಂದ ಮತ್ತೆ ಹೀರಿಕೊಳ್ಳುತ್ತವೆ. ಹಗಲಿರುಳೂ ನಡೆಯುವ ಈ ದುಡಿಮೆಯು ಆಯಾ ಮೀನಿನ ತವರುನೀರಿಗೆ ಹೊಂದಿಕೊಂಡಿರುತ್ತದೆ. ಲವಣಗಳು ಬಹಳ ಕಡಿಮೆಯಿರುವ ನೀರಿನಲ್ಲಿ ಸಾವಿರಾರು ತಲೆಮಾರುಗಳಿಂದ ಬಾಳಿಬಂದ ಮೀನನ್ನು ಒಮ್ಮೆಲೇ ಲವಣಭರಿತ ನೀರಿಗೆ ಬಿಟ್ಟರೆ ಈ ವ್ಯವಸ್ಥೆಯೇ ತಲೆಕೆಳಗಾಗುತ್ತದೆ. ಮೀನು ಒಡನೆಯೇ ಸಾಯದಿದ್ದರೂ ಕ್ರಮೇಣ ಸೊರಗುತ್ತದೆ, ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಅದು ಇಟ್ಟ ಮೊಟ್ಟೆಗಳು ಮರಿಯಾಗದೆ ಹೋಗುವುದೂ ಉಂಟು.

ಹಾಗಾದರೆ ನೀರಿನ ಯಾವ ಗುಣಗಳನ್ನು ಪರೀಕ್ಷಿಸಬೇಕು? ಮೊದಲನೆಯದು ಗಡಸುತನ. ಮಳೆನೀರು ನೆಲಕ್ಕಿಳಿದು ಕಲ್ಲುಮಣ್ಣುಗಳ ಮೂಲಕ ಸಾಗುವಾಗ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಈ ಲವಣಗಳು ಹೆಚ್ಚಾಗಿರುವ ನೀರು ಗಡಸು ನೀರು. ಕಡಿಮೆಯಿರುವುದು ಮೆದು ನೀರು. ಒಂದು ಲೀಟರ್ ನೀರಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ 60 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ಮೆದು ನೀರೆಂದೂ, 180 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಬಹಳ ಗಡಸು ನೀರೆಂದೂ ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಕೊಪ್ಪಳ ಸೀಮೆಯ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಕೆಲವೆಡೆ ಅದರಲ್ಲಿ ಫ್ಲೋರೈಡ್ ಅಂಶವೂ ಮಿತಿಮೀರಿ ಜನರ ಹಲ್ಲು, ಎಲುಬುಗಳಿಗೆ ತೊಂದರೆಯುಂಟುಮಾಡಿದೆ. ಮುಂಗಾರಿನಲ್ಲಿ ತುಂಬಿ ಹರಿಯುವ ಹೊಳೆಯ ನೀರು ಅದಕ್ಕಿಂತ ಮೆದುವಾಗಿರುತ್ತದೆ; ಆದರೆ ಕೆಂಪುಮಣ್ಣಿನಿಂದ ಕದಡಿರುತ್ತದೆ. ಮಳೆನೀರು ಎಲ್ಲಕ್ಕಿಂತ ಮೆದು.

ಇದನ್ನು ಪರೀಕ್ಷಿಸುವ ಸುಲಭವಾದ ವಿಧಾನವೊಂದಿದೆ. ಒಂದೇ ಅಳತೆಯ ಮೂರು ಬಾಟಲಿಗಳಲ್ಲಿ ಮಳೆನೀರು, ಕಾಲುವೆಯ ನೀರು, ಕೊಳವೆಬಾವಿಯ ನೀರನ್ನು ಅರ್ಧದಷ್ಟು ತುಂಬಬೇಕು. ಪ್ರತಿಯೊಂದಕ್ಕೂ ಸಮನಾದ ಹನಿಗಳಷ್ಟು ಸಾಬೂನಿನ ದ್ರಾವಣವನ್ನು ಸೇರಿಸಿ ಚೆನ್ನಾಗಿ ಕುಲುಕಬೇಕು. ಮೆದು ನೀರಿನಲ್ಲಿ ನೊರೆಯು ಬೇಗ ಎದ್ದು ಬಹುಹೊತ್ತು ನಿಲ್ಲುತ್ತದೆ. ಗಡಸು ನೀರಿನಲ್ಲಿ ಸಾಬೂನು ಕ್ಯಾಲ್ಸಿಯಂನೊಡನೆ ಸೇರಿ ಬಿಳಿಯ ಕಿಟ್ಟವಾಗುತ್ತದೆ; ನೊರೆ ಬರಲು ಹೆಚ್ಚು ಸಾಬೂನು ಬೇಕಾಗುತ್ತದೆ. ನೀರು ಕಾಯಿಸುವ ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಪದರವೂ ಗಡಸುತನದ ಗುರುತೇ. ಈ ಪರೀಕ್ಷೆಗೆ ಬಳಸಿದ ಪಾತ್ರೆಗಳನ್ನು ಮಾತ್ರ ಮೀನಿನ ಕೆಲಸಕ್ಕೆ ಉಪಯೋಗಿಸಬಾರದು. ಸಾಬೂನಿನ ಲೇಶವೂ ಮೀನಿನ ಕಿವಿರುಗಳಿಗೆ ಹಾನಿಕರ.

ಎರಡನೆಯ ಗುಣವು ಆಮ್ಲೀಯತೆ ಅಥವಾ ಕ್ಷಾರೀಯತೆ. ಇದನ್ನು ಪಿಎಚ್ ಎಂಬ ಅಳತೆಯಿಂದ ಸೂಚಿಸುತ್ತಾರೆ. ಪಿಎಚ್ 7 ಇದ್ದರೆ ನೀರು ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಆಮ್ಲೀಯ, ಹೆಚ್ಚಾದರೆ ಕ್ಷಾರೀಯ. ಈ ಅಳತೆಯಲ್ಲಿ ಒಂದಂಕಿಯ ವ್ಯತ್ಯಾಸವೆಂದರೆ ಹತ್ತು ಪಟ್ಟು ವ್ಯತ್ಯಾಸವೆಂಬುದನ್ನು ಮರೆಯಬಾರದು. ಪರೀಕ್ಷಾ ಕಾಗದದ ಬಣ್ಣವನ್ನು ಹೋಲಿಸಿ ಪಿಎಚ್ ಮೌಲ್ಯವನ್ನು ಅಂದಾಜು ಮಾಡಬಹುದು. ಗಡಸು ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೂ, ಎಲೆಗಳು ಕೊಳೆತು ಸೇರಿದ ಕಾಡಿನ ಮೆದು ನೀರು ಆಮ್ಲದ ಕಡೆಗೂ ವಾಲಿರುತ್ತದೆ.

ಮೂರನೆಯದು ಉಷ್ಣತೆ ಮತ್ತು ಅದನ್ನು ಅವಲಂಬಿಸಿದ ಆಮ್ಲಜನಕ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕವು ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು. 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಆದರೆ ಉಷ್ಣತೆ ಏರಿದಂತೆ ಮೀನಿಗೆ ಬೇಕಾಗುವ ಆಮ್ಲಜನಕವು ಹೆಚ್ಚುತ್ತದೆ. ಬೇಡಿಕೆಯು ಏರಿದಾಗಲೇ ಪೂರೈಕೆಯು ಇಳಿಯುತ್ತದೆ. ಗಂಗಾವತಿಯ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ಮುಟ್ಟುವ ದಿನಗಳಲ್ಲಿ ಕಿಟಕಿಯ ಬಳಿ ಇಟ್ಟ ಸಣ್ಣ ತೊಟ್ಟಿಯ ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಿಡುವುದು ಇದೇ ಕಾರಣದಿಂದ.

ನಾಲ್ಕನೆಯದು ಕಣ್ಣಿಗೆ ಕಾಣದ ವಿಷ. ಮೀನಿನ ವಿಸರ್ಜನೆಯಿಂದಲೂ, ತಿನ್ನದೆ ಉಳಿದು ಕೊಳೆಯುವ ಆಹಾರದಿಂದಲೂ ನೀರಿನಲ್ಲಿ ಅಮೋನಿಯ ಉತ್ಪತ್ತಿಯಾಗುತ್ತದೆ. ಇದು ಮೀನಿಗೆ ತೀಕ್ಷ್ಣವಾದ ವಿಷ. ಕೆರೆಯಲ್ಲಿ ಅಪಾರ ಜಲರಾಶಿಯಿರುವುದರಿಂದಲೂ, ಕಲ್ಲು ಮಣ್ಣುಗಳ ಮೇಲೆ ನೆಲಸಿರುವ ಬ್ಯಾಕ್ಟೀರಿಯಗಳು ಅದನ್ನು ಮಾರ್ಪಡಿಸುವುದರಿಂದಲೂ ಹಾನಿಯಾಗುವುದಿಲ್ಲ. ಒಂದು ಗುಂಪಿನ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿ ಪರಿವರ್ತಿಸುತ್ತವೆ. ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾಡುತ್ತದೆ. ನೈಟ್ರೇಟನ್ನು ಜಲಸಸ್ಯಗಳು ಗೊಬ್ಬರವಾಗಿ ಬಳಸಿಕೊಳ್ಳುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ಮರಳಿನ ಮೇಲೂ ಶೋಧಕದಲ್ಲೂ ನೆಲೆಯೂರಲು ನಾಲ್ಕರಿಂದ ಆರು ವಾರಗಳು ಬೇಕಾಗುತ್ತವೆ. ಅಷ್ಟರೊಳಗೆ ಮೀನುಗಳನ್ನು ತುಂಬಿಸಿದರೆ ಅವು ತಮ್ಮ ವಿಸರ್ಜನೆಯ ವಿಷದಿಂದಲೇ ಸಾಯುತ್ತವೆ. ನೀರು ಬೆಚ್ಚಗೂ ಕ್ಷಾರೀಯವಾಗಿಯೂ ಇದ್ದಾಗ ಅಮೋನಿಯದ ವಿಷಗುಣವು ಮತ್ತಷ್ಟು ಹೆಚ್ಚುತ್ತದೆ. ಗಡಸು ನೀರಿನ ಊರುಗಳಲ್ಲಿ ಮೀನು ಸಾಕುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ನೀರಿನ ಗುಣವು ತಿಳಿದ ಮೇಲೆ ಮೀನಿನ ತವರನ್ನು ವಿಚಾರಿಸಬೇಕು. ದಕ್ಷಿಣ ಅಮೆರಿಕದ ಅಮೆಜಾನ್ ನದಿಗೆ ರಿಯೋ ನೀಗ್ರೋ ಎಂಬ ಉಪನದಿಯೊಂದಿದೆ. ಕೊಳೆತ ಎಲೆಗಳ ರಸದಿಂದ ಅದರ ನೀರು ಚಹದಂತೆ ಕಪ್ಪಾಗಿರುತ್ತದೆ. ಅದು ಅತ್ಯಂತ ಮೆದುವೂ ಆಮ್ಲೀಯವೂ ಆದ ನೀರು. ಕಾರ್ಡಿನಲ್ ಟೆಟ್ರಾ, ಡಿಸ್ಕಸ್ ಮೊದಲಾದ ಮೀನುಗಳು ಅಂಥ ನೀರಿನವು. ನೀಲಿ ಕೆಂಪು ಪಟ್ಟೆಗಳಿಂದ ಮಿನುಗುವ ನಿಯಾನ್ ಟೆಟ್ರಾ ಕೂಡ ಅಮೆಜಾನ್ ಸೀಮೆಯ ಮೆದು ನೀರಿನ ಮೀನು. ಇದಕ್ಕೆ ವಿರುದ್ಧವಾಗಿ, ಆಫ್ರಿಕದ ಮಲಾವಿ ಮತ್ತು ಟಾಂಗನ್ಯೀಕ ಸರೋವರಗಳ ಸಿಕ್ಲಿಡ್ ಮೀನುಗಳು ಗಡಸಾದ ಕ್ಷಾರೀಯ ನೀರಿನಲ್ಲಿ ಬೆಳೆದವು. ಅಮೆರಿಕ ಖಂಡಗಳ ಉಷ್ಣ ಭಾಗಗಳಿಂದ ಬಂದ ಗಪ್ಪಿ, ಮೋಲಿ, ಪ್ಲಾಟಿ, ಕತ್ತಿಯಂಥ ಬಾಲವುಳ್ಳ ಸ್ವೋರ್ಡ್‌ಟೇಲ್ ಇವು ಮೊಟ್ಟೆಯಿಡದೆ ಮರಿಗಳನ್ನೇ ಹಾಕುವ ಮೀನುಗಳು. ಇವೂ ತುಸು ಗಡಸಾದ, ಪಿಎಚ್ 7ರಿಂದ 8ರವರೆಗಿನ ನೀರನ್ನು ಮೆಚ್ಚುತ್ತವೆ.

ಭಾರತದ ಹೊಳೆಹಳ್ಳಗಳಲ್ಲಿಯೂ ತೊಟ್ಟಿಗೆ ಒಪ್ಪುವ ಕಿರುಮೀನುಗಳಿವೆ. ಪುಂಟಿಯಸ್ ಗುಂಪಿನ ಬಾರ್ಬ್ ಮೀನುಗಳು, ರಾಸ್ಬೋರ, ಮೈಮೇಲೆ ನೀಲಿ ಗೆರೆಗಳುಳ್ಳ ಜೀಬ್ರಾ ಮೀನು ಇವು ಮಧ್ಯಮ ಗಡಸುತನದ, ಹೆಚ್ಚುಕಡಿಮೆ ತಟಸ್ಥವಾದ ನೀರಿನಲ್ಲಿ ಚೆನ್ನಾಗಿ ಬಾಳುತ್ತವೆ. ಉಷ್ಣತೆಯ ಏರಿಳಿತಗಳನ್ನೂ ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ. ಜೀಬ್ರಾ ಮೀನಂತೂ ಇಂದು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಸಂಶೋಧನೆಗೆ ಬಳಕೆಯಾಗುತ್ತಿದೆ. ಅದರ ಆನುವಂಶಿಕ ರಚನೆಯ ಪೂರ್ಣ ವಿವರವು 2013ರಲ್ಲಿ ಪ್ರಕಟವಾಯಿತು. ದೂರದೇಶದ ಮೀನಿಗೆ ಮಾತ್ರವೇ ಚೆಲುವಿದೆಯೆಂಬ ಭ್ರಮೆಯನ್ನು ಈ ನಾಡಿನ ಕಿರುಮೀನುಗಳು ಹೋಗಲಾಡಿಸುತ್ತವೆ.

ಅಂಗಡಿಗಳಲ್ಲಿ ದೊರೆಯುವ ಬಹುಪಾಲು ಮೀನುಗಳು ಸಾಕಣೆ ಕೇಂದ್ರಗಳಲ್ಲಿಯೇ ಹುಟ್ಟಿ ಬೆಳೆದವು. ಅವು ತವರುನೀರಿಗಿಂತ ಬೇರೆಯಾದ ನೀರಿಗೂ ಸ್ವಲ್ಪಮಟ್ಟಿಗೆ ಹೊಂದಿಕೊಂಡಿರುತ್ತವೆ. ಆದುದರಿಂದ ಮೀನು ಯಾವ ಬಗೆಯ ನೀರಿನಲ್ಲಿ ಬೆಳೆಯಿತೆಂದು ಮಾರುವವರನ್ನು ಕೇಳಿ ತಿಳಿಯುವುದು ಉತ್ತಮ. ಮೀನಿಗಾಗಿ ನೀರನ್ನೇ ಬದಲಿಸಬಾರದೇ ಎಂದು ಕೆಲವರು ಕೇಳಬಹುದು. ಮಳೆನೀರನ್ನು ಬೆರೆಸಿ ಗಡಸುತನವನ್ನು ತಗ್ಗಿಸಬಹುದು. ಪಿಎಚ್ ಮೌಲ್ಯವನ್ನು ಬದಲಿಸುವ ರಾಸಾಯನಿಕಗಳೂ ಇವೆ. ಆದರೆ ಪ್ರತಿ ಸಲ ನೀರು ಬದಲಿಸುವಾಗಲೂ ಅದೇ ಅಳತೆಯನ್ನು ಕಾಯ್ದುಕೊಳ್ಳುವುದು ಸುಲಭವಲ್ಲ. ಒಂದು ದಿನ ಆಮ್ಲ, ಇನ್ನೊಂದು ದಿನ ಕ್ಷಾರ ಎಂಬಂತೆ ತೂಗಾಡುವ ನೀರಿಗಿಂತ, ತುಸು ಒಗ್ಗದಿದ್ದರೂ ಸ್ಥಿರವಾಗಿರುವ ನೀರೇ ಮೀನಿಗೆ ಹಿತ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯು ಇಲ್ಲಿಯೂ ಸಲ್ಲುತ್ತದೆ.

ಒಂದೇ ನೀರಿಗೆ ಒಗ್ಗುವ ಮೀನುಗಳೆಲ್ಲ ಒಂದೇ ತೊಟ್ಟಿಯಲ್ಲಿ ಸುಖವಾಗಿ ಬಾಳುತ್ತವೆಯೆಂದು ಹೇಳಲಾಗದು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದನ್ನು ನಮ್ಮ ಹಿರಿಯರು ‘ಮತ್ಸ್ಯನ್ಯಾಯ’ವೆಂದು ಕರೆದರು. ಅರಸನಿಲ್ಲದ ರಾಜ್ಯದಲ್ಲಿ ಬಲಿಷ್ಠರು ದುರ್ಬಲರನ್ನು ಪೀಡಿಸುವುದಕ್ಕೆ ಅದನ್ನು ಉಪಮೆಯಾಗಿ ಬಳಸಿದರು. ತೊಟ್ಟಿಯೊಳಗೆ ಈ ನ್ಯಾಯವು ಅಕ್ಷರಶಃ ನಡೆಯುತ್ತದೆ. ಬೆಳೆದ ಏಂಜಲ್ ಮೀನು ಬಾಯಿಗೆ ಹಿಡಿಯುವ ಟೆಟ್ರಾ ಮರಿಯನ್ನು ನುಂಗದೆ ಬಿಡುವುದಿಲ್ಲ. ಆದುದರಿಂದ ಅಂಗಡಿಯಲ್ಲಿ ಕಾಣುವ ಮರಿಯ ಗಾತ್ರವನ್ನಲ್ಲ, ಪೂರ್ತಿ ಬೆಳೆದಾಗ ಅದು ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸ್ವಭಾವವನ್ನೂ ಗಮನಿಸಬೇಕು. ಟೈಗರ್ ಬಾರ್ಬ್ ಎಂಬ ಪಟ್ಟೆಮೀನು ಚುರುಕಿನದು. ಉದ್ದವಾದ ರೆಕ್ಕೆಗಳುಳ್ಳ ನಿಧಾನಗತಿಯ ಮೀನುಗಳ ರೆಕ್ಕೆಯನ್ನು ಕಚ್ಚುವುದು ಅದರ ಅಭ್ಯಾಸ. ಥಾಯ್ಲೆಂಡಿನಲ್ಲಿ ಹೆಸರಾದ ಕಾದಾಟದ ಮೀನನ್ನು ಆ ದೇಶವು 2019ರಲ್ಲಿ ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಅದರ ಎರಡು ಗಂಡುಗಳನ್ನು ಒಂದೆಡೆ ಬಿಟ್ಟರೆ ಅವು ಸಾಯುವಂತೆ ಸೆಣಸುತ್ತವೆ. ಗೋಲ್ಡ್ ಫಿಷ್ ಸಾಧುವಾದರೂ ತಂಪು ನೀರನ್ನು ಬಯಸುವ, ಬಹಳ ಕಸವನ್ನು ಮಾಡುವ, ದೊಡ್ಡದಾಗಿ ಬೆಳೆಯುವ ಮೀನು. ಅದನ್ನು ಬೆಚ್ಚಗಿನ ನೀರಿನ ಪುಟ್ಟ ಮೀನುಗಳೊಡನೆ ಕೂಡಿಹಾಕುವುದು ಎರಡಕ್ಕೂ ಹಿತವಲ್ಲ. ಜೀಬ್ರಾ ಮೀನು, ಟೆಟ್ರಾ ಮೊದಲಾದವು ಹಿಂಡಿನಲ್ಲಿ ಬಾಳುವ ಮೀನುಗಳು. ಒಂಟಿಯಾಗಿಟ್ಟರೆ ಅವು ಅಂಜಿ ಮೂಲೆ ಸೇರುತ್ತವೆ. ಕನಿಷ್ಠ ಆರಾದರೂ ಒಟ್ಟಿಗಿರಬೇಕು. ಕೆಲವು ಮೀನುಗಳು ಮೇಲ್ಪದರದಲ್ಲಿಯೂ, ಕೆಲವು ನಡುವಿನಲ್ಲಿಯೂ, ಮೀಸೆಯ ಕೋರಿಡೋರಸ್‌ನಂಥವು ತಳದಲ್ಲಿಯೂ ಓಡಾಡುತ್ತವೆ. ಬೇರೆಬೇರೆ ಪದರಗಳ ಮೀನುಗಳನ್ನು ಆರಿಸಿದರೆ ಇಕ್ಕಟ್ಟು ಕಡಿಮೆಯಾಗುತ್ತದೆ.

ಸಂಖ್ಯೆಯ ವಿಷಯದಲ್ಲಿ ಆಸೆಗೆ ಕಡಿವಾಣ ಬೇಕು. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ತೊಟ್ಟಿಯ ಘನ ಅಳತೆಯು 54,000 ಘನ ಸೆಂಟಿಮೀಟರ್, ಅಂದರೆ 54 ಲೀಟರ್. ಮರಳು, ಕಲ್ಲು, ಮೇಲೆ ಬಿಡುವ ಜಾಗ ಇವನ್ನು ಕಳೆದರೆ ನೀರು ಸುಮಾರು 45 ಲೀಟರ್ ಹಿಡಿಯುತ್ತದೆ. ಪೂರ್ತಿ ಬೆಳೆದ ಚಿಕ್ಕ ಮೀನಿನ ಪ್ರತಿ ಸೆಂಟಿಮೀಟರ್ ಉದ್ದಕ್ಕೆ ಎರಡು ಲೀಟರ್ ನೀರು ಎಂಬ ಸ್ಥೂಲವಾದ ಲೆಕ್ಕವನ್ನು ಅನುಸರಿಸಿದರೆ, ನಾಲ್ಕು ಸೆಂಟಿಮೀಟರ್ ಉದ್ದದ ಐದಾರು ಮೀನುಗಳಿಗೆ ಮಾತ್ರ ಅಲ್ಲಿ ನೆಮ್ಮದಿಯ ತಾಣವಿದೆ. ಒಳ್ಳೆಯ ಶೋಧಕ, ಗಾಳಿಯಂತ್ರ, ಸಸ್ಯಗಳಿದ್ದರೆ ಇನ್ನು ಕೆಲವಕ್ಕೆ ಅವಕಾಶವಾದೀತು. ಗಪ್ಪಿಯಂಥ ಮೀನುಗಳು ತಿಂಗಳಿಗೊಮ್ಮೆ ಮರಿ ಹಾಕುವುದರಿಂದ ಅವುಗಳ ಸಂಸಾರವು ಬೇಗನೆ ಬೆಳೆಯುತ್ತದೆ ಎಂಬುದನ್ನೂ ನೆನಪಿನಲ್ಲಿಡಬೇಕು.

ಈ ವಿಚಾರಗಳನ್ನು ಸಾಣಾಪುರದ ಎರಡು ಮನೆಗಳಿಗೆ ಅನ್ವಯಿಸಿ ನೋಡಬಹುದು. ಒಂದು ಮನೆಯಲ್ಲಿ ಕೊಳವೆಬಾವಿಯ ಗಡಸು ನೀರು ಮಾತ್ರ ದೊರೆಯುತ್ತದೆಯೆಂದು ಭಾವಿಸೋಣ. ಆ ಮನೆಗೆ ಗಪ್ಪಿ, ಪ್ಲಾಟಿಗಳು ತಕ್ಕವು. ಎರಡೂ ಶಾಂತಸ್ವಭಾವದವು, ಗಾತ್ರದಲ್ಲಿ ಹತ್ತಿರದವು, ಬೇಸಿಗೆಯ ಸೆಕೆಯನ್ನು ತಾಳಬಲ್ಲವು. ಆಫ್ರಿಕದ ಸಿಕ್ಲಿಡ್‌ಗಳಿಗೂ ಆ ನೀರು ಒಗ್ಗೀತು. ಆದರೆ ಅವು ಜಗಳಗಂಟಿ ಮೀನುಗಳು, ಅವಕ್ಕೆ ದೊಡ್ಡ ತೊಟ್ಟಿಯೂ ಅನುಭವವೂ ಬೇಕು. ಇನ್ನೊಂದು ಮನೆಗೆ ನಲ್ಲಿಯಲ್ಲಿ ಹೊಳೆಯ ನೀರು ಬರುತ್ತದೆ. ಅಲ್ಲಿ ಜೀಬ್ರಾ ಮೀನಿನ ಹಿಂಡೊಂದನ್ನು ಸಾಕಬಹುದು. ತೊಟ್ಟಿ ದೊಡ್ಡದಾಗಿದ್ದರೆ ಸೌಮ್ಯವಾದ ಬಾರ್ಬ್‌ಗಳನ್ನೂ ಸೇರಿಸಬಹುದು. ನಲ್ಲಿಯ ನೀರಿಗೆ ಕ್ರಿಮಿನಾಶಕ್ಕಾಗಿ ಕ್ಲೋರಿನ್ ಬೆರೆಸಿದ್ದರೆ, ಅಗಲಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಅನಂತರ ಬಳಸಬೇಕು. ಎರಡು ಮನೆಗಳಲ್ಲಿಯೂ ಮೊದಲು ಎರಡು ಮೂರು ಮೀನುಗಳನ್ನಷ್ಟೆ ಬಿಟ್ಟು, ಮಿತವಾಗಿ ಆಹಾರ ಹಾಕಿ, ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರನ್ನು ಬದಲಿಸುತ್ತ ಬರಬೇಕು. ಅಂಗಡಿಯಿಂದ ತಂದ ಚೀಲವನ್ನು ಕಾಲುಗಂಟೆ ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಚೀಲಕ್ಕೆ ಸೇರಿಸಿ, ಆಮೇಲೆ ಮೀನನ್ನು ಬಿಡಬೇಕು.

ಕೊನೆಯದಾಗಿ ಹೇಳಬೇಕಾದ ಮಾತೊಂದಿದೆ. ಅದು ಎಲ್ಲಕ್ಕಿಂತ ಮುಖ್ಯವಾದುದು. ಸಾಕಿ ಬೇಸರವಾದಾಗ, ಇಲ್ಲವೆ ಮರಿಗಳು ಹೆಚ್ಚಿದಾಗ, ಕನಿಕರದಿಂದಲೇ ಕೆಲವರು ಮೀನುಗಳನ್ನು ಹತ್ತಿರದ ಕೆರೆಗೋ ಕಾಲುವೆಗೋ ಬಿಟ್ಟುಬಿಡುತ್ತಾರೆ. ಈ ಕನಿಕರವು ಅನರ್ಥಕಾರಿಯಾದುದು. ನೀರಿಗೆ ಒಗ್ಗದ ಮೀನು ಅಲ್ಲಿ ಸಾಯುತ್ತದೆ. ಒಗ್ಗಿದ ಮೀನು ಅಲ್ಲಿನ ಮೂಲನಿವಾಸಿಗಳನ್ನು ಸಾಯಿಸುತ್ತದೆ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು 1928ರಲ್ಲಿ ಭಾರತಕ್ಕೆ ತಂದ ಗಾಂಬೂಸಿಯಾ ಮೀನು ನಾಡಮೀನುಗಳ ಮೊಟ್ಟೆ ಮರಿಗಳನ್ನೂ ತಿನ್ನುತ್ತದೆ. 1952ರಲ್ಲಿ ಆಹಾರಕ್ಕಾಗಿ ತಂದ ಮೊಜಾಂಬಿಕ್ ತಿಲಾಪಿಯ ಮೀನು ಕೆರೆಯಿಂದ ಕೆರೆಗೆ ಹಬ್ಬಿ, ಅನೇಕ ಕಡೆ ಸ್ಥಳೀಯ ಮೀನುಗಳನ್ನು ಹಿಂದೆ ತಳ್ಳಿತು. ಗಾಜಿನ ತೊಟ್ಟಿಯ ಪಾಚಿಯನ್ನು ತಿನ್ನಲೆಂದು ಮಾರುವ, ಮೈಯೆಲ್ಲ ಗಟ್ಟಿ ಕವಚವುಳ್ಳ ಸಕ್ಕರ್ ಮೀನು ಇಂದು ಭಾರತದ ಹಲವು ಕೆರೆಹೊಳೆಗಳನ್ನು ಸೇರಿಕೊಂಡಿದೆ. ಮೀನುಗಾರರ ಬಲೆಗಳನ್ನು ಅದು ಹರಿಯುತ್ತದೆ; ಅದನ್ನು ಕೊಳ್ಳುವವರಿಲ್ಲ.

ಸಾಣಾಪುರದ ಕೆರೆಯು ನಾಲ್ಕು ಗೋಡೆಗಳ ನಡುವಿನ ತೊಟ್ಟಿಯಲ್ಲ. ಅದಕ್ಕೆ ಕಾಲುವೆಯಿಂದ ನೀರು ಬರುತ್ತದೆ. ಕಾಲುವೆಯ ನೀರು ಗದ್ದೆಗಳಿಗೆ ಹರಿಯುತ್ತದೆ. ಉಳಿದುದು ಹಳ್ಳಗಳ ಮೂಲಕ ಮತ್ತೆ ಹೊಳೆಯನ್ನು ಸೇರುತ್ತದೆ. ಇಲ್ಲಿ ಬಿಟ್ಟ ಒಂದು ಜೋಡಿ ಮೀನಿನ ಸಂತತಿಯು ಎಲ್ಲಿಗೆ ಮುಟ್ಟೀತೆಂದು ಹೇಳಲಾಗದು. ಈ ಸೀಮೆಯ ಹೊಳೆಯಲ್ಲಿ ಗೆಂಡೆ, ಬಾಳೆ, ಕೊರವ ಮೊದಲಾದ ಮೀನುಗಳಿವೆ. ಅವನ್ನು ನಂಬಿ ಬಲೆ ಬೀಸುವ, ಹರಿಗೋಲು ನಡೆಸುವ ಕುಟುಂಬಗಳಿವೆ. ಮೀನನ್ನೇ ಆಹಾರವಾಗಿ ಉಳ್ಳ ನೀರುನಾಯಿಗಳೂ ಇವೆ. ಅವುಗಳ ರಕ್ಷಣೆಗಾಗಿ ಕರ್ನಾಟಕ ಸರ್ಕಾರವು 2015ರಲ್ಲಿ ತುಂಗಭದ್ರೆಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹರಿವನ್ನು ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ. ಆನೆಗೊಂದಿ, ಹಂಪೆಗಳ ಬಳಿ ಹರಿಯುವ ಹೊಳೆಯು ಇದರೊಳಗೇ ಸೇರಿದೆ. ಬೇಡವಾದ ಮೀನನ್ನು ಮಾರಿದ ಅಂಗಡಿಗೆ ಹಿಂದಿರುಗಿಸಬಹುದು. ಸಾಕಬಲ್ಲ ಇನ್ನೊಬ್ಬರಿಗೆ ಕೊಡಬಹುದು. ಹರಿಯುವ ನೀರಿಗೆ ಮಾತ್ರ ಬಿಡಲಾಗದು.

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವುದು ಮನೆಯ ಅಲಂಕಾರಕ್ಕಾಗಿ ಮಾತ್ರವಲ್ಲ. ತಾನು ಕುಡಿಯುವ ನೀರಿನ ಗುಣವನ್ನು ಅರಿಯಲು, ಒಂದು ಜೀವಿಯ ಬಾಳು ಇನ್ನೊಂದಕ್ಕೆ ಹೇಗೆ ಹೆಣೆದುಕೊಂಡಿದೆಯೆಂದು ಕಾಣಲು ಅದೊಂದು ಸಾಧನ. ಬಣ್ಣಕ್ಕೆ ಮರುಳಾಗಿ ಮೀನನ್ನು ಆರಿಸುವವನು ಕೆಲವು ದಿನಗಳ ನೋಟವನ್ನು ಪಡೆಯುತ್ತಾನೆ. ನೀರನ್ನು ಅರಿತು ಮೀನನ್ನು ಆರಿಸುವವನು ವರ್ಷಗಟ್ಟಲೆ ಅದರ ಜೀವವನ್ನು ಕಾಯುತ್ತಾನೆ. ಹಾಗೆ ಕಾಯಲು ಕಲಿತವನಿಗೆ ಊರ ಕೆರೆಯೂ ಹೊಳೆಯೂ ತಾನು ಕಾಯಬೇಕಾದ ನೀರಾಗಿಯೇ ಕಾಣುತ್ತವೆ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ಸಾಣಾಪುರದ ಕೆರೆಗೆ ಎಲ್ಲಿಂದ ನೀರು ಬರುತ್ತದೆ?
2. ‘ಮತ್ಸ್ಯವಿನೋದ’ವು ಯಾವ ಗ್ರಂಥದ ಭಾಗ?
3. ವಾರಿಂಗ್ಟನ್ ತನ್ನ ತೊಟ್ಟಿಗೆ ಬಸವನಹುಳುಗಳನ್ನು ಏಕೆ ಬಿಟ್ಟನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ಗಡಸು ನೀರನ್ನೂ ಮೆದು ನೀರನ್ನೂ ಪರೀಕ್ಷಿಸುವ ವಿಧಾನವನ್ನು ವಿವರಿಸಿ.
2. ಹೊಸ ತೊಟ್ಟಿಯಲ್ಲಿ ಒಮ್ಮೆಲೇ ಹೆಚ್ಚು ಮೀನುಗಳನ್ನು ಏಕೆ ಬಿಡಬಾರದು?
3. ಸಾಕಿದ ಮೀನನ್ನು ಕೆರೆಗೆ ಬಿಡುವುದರಿಂದ ಆಗುವ ಅನರ್ಥಗಳೇನು?

ಇ) ನಿಮ್ಮ ಊರಿನಲ್ಲಿ ದೊರೆಯುವ ನೀರಿನ ಬಗೆಗಳನ್ನು ಪಟ್ಟಿಮಾಡಿ, ಅವುಗಳ ಗುಣಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆಯಿರಿ.